ಸಂಡೂರಿನಿಂದ ಸಂಸತ್ತಿಗೆ: ಬಳ್ಳಾರಿ ಲೋಕಸಭಾ ಕ್ಷೇತ್ರದಲ್ಲಿ ಶಾಸಕರ ಸ್ಪರ್ಧೆ

ಬಳ್ಳಾರಿ ಲೋಕಸಭಾ ಕ್ಷೇತ್ರದ ಚುನಾವಣಾ ಚರಿತ್ರೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ 1999ರಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ನಡುವೆ ನಡೆದ ಸ್ಪರ್ಧೆಯ ಸುತ್ತಲೇ ತಿರುಗುತ್ತವೆ. ಆ ಸ್ಪರ್ಧೆಯ ಅಬ್ಬರ ದೊಡ್ಡದು. ಆದರೆ ಕ್ಷೇತ್ರದ ಆಂತರಿಕ ರಾಜಕಾರಣವನ್ನು ಅರಿಯಲು ಅದು ಹೆಚ್ಚು ನೆರವಾಗುವುದಿಲ್ಲ. 56,100 ಮತಗಳ ಅಂತರದಿಂದ ಗೆದ್ದ ಸೋನಿಯಾ ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ತೆರವು ಮಾಡಿದರು. ಅದಕ್ಕೂ ಮುನ್ನ 1967 ಮತ್ತು 1971ರಲ್ಲಿ ಅರ್ಥಶಾಸ್ತ್ರಜ್ಞ ವಿ. ಕೆ. ಆರ್. ವಿ. ರಾವ್ ಇಲ್ಲಿಂದಲೇ ಆಯ್ಕೆಯಾಗಿದ್ದರು. ಕಾಂಗ್ರೆಸ್ಸಿಗೆ ಭದ್ರವಾಗಿದ್ದ ಈ ಕ್ಷೇತ್ರವು ಹಿರಿಯ ನಾಯಕರಿಗೆ ಆಶ್ರಯವಾಗಿ ಒದಗುತ್ತಿತ್ತು. ಸ್ಥಳೀಯ ಶಾಸಕನೊಬ್ಬ ವಿಧಾನಸೌಧದಿಂದ ಸಂಸತ್ತಿಗೆ ಏರುವ ಹಾದಿ ಇಲ್ಲಿ ತೆರೆದುಕೊಂಡದ್ದು ಬಹಳ ತಡವಾಗಿ.

ಆ ಬದಲಾವಣೆಗೆ ಕಾರಣವಾದದ್ದು 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆ. ಲೋಕಸಭಾ ಕ್ಷೇತ್ರವು ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಅದರೊಳಗಿನ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಸಂಡೂರು, ಕಂಪ್ಲಿ, ಕೂಡ್ಲಿಗಿ ಹಾಗೂ ಬಳ್ಳಾರಿ ಗ್ರಾಮಾಂತರ ಕೂಡ ಅದೇ ವರ್ಗಕ್ಕೆ ಮೀಸಲಾದವು. ಹೊಸಪೇಟೆಯ ಹಳೆಯ ಕ್ಷೇತ್ರವು ಹಂಪಿಯ ಪರಿಸರವನ್ನೊಳಗೊಂಡು ವಿಜಯನಗರವೆಂಬ ಹೆಸರು ಪಡೆಯಿತು.

ಈ ಮೀಸಲಾತಿಯ ಪರಿಣಾಮವು ಸಂಡೂರಿನಲ್ಲಿ ಎದ್ದು ಕಾಣುತ್ತದೆ. ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿದ್ದ ಸಂಡೂರು ಸಂಸ್ಥಾನವು 1949ರಲ್ಲಿ ಅಂದಿನ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ ವಿಲೀನಗೊಂಡು, 1953ರಲ್ಲಿ ಆ ಜಿಲ್ಲೆಯೊಡನೆ ಮೈಸೂರು ರಾಜ್ಯವನ್ನು ಸೇರಿತು. ಸಂಸ್ಥಾನ ಅಳಿದರೂ ಮನೆತನದ ಪ್ರಭಾವ ಅಳಿಯಲಿಲ್ಲ. ಎಂ. ವೈ. ಘೋರ್ಪಡೆ ಹಲವು ಅವಧಿಗೆ ಶಾಸಕರಾಗಿ, ದೇವರಾಜ ಅರಸರ ಸರ್ಕಾರದಲ್ಲಿ ಅರ್ಥಸಚಿವರಾಗಿ ಕೆಲಸ ಮಾಡಿದರು. ಅವರು ಸಚಿವರಾಗಿದ್ದ ಕಾಲದಲ್ಲಿಯೇ, 1973ರಲ್ಲಿ, ಸಂಡೂರಿನ ರೈತರು ಸಮಾಜವಾದಿಗಳ ಬೆಂಬಲದೊಡನೆ ಭೂಹೋರಾಟ ನಡೆಸಿದರು ಎಂಬುದನ್ನು ಮರೆಯುವಂತಿಲ್ಲ. 2004ರಲ್ಲಿ ಜನತಾದಳದಿಂದ ಗಣಿ ಉದ್ಯಮಿ ಸಂತೋಷ್ ಲಾಡ್ ಗೆದ್ದರು. ಮುಂದಿನ ಚುನಾವಣೆಯ ವೇಳೆಗೆ ಕ್ಷೇತ್ರ ಮೀಸಲಾದುದರಿಂದ ಅವರು ಕಲಘಟಗಿಗೆ ತೆರಳಿದರು. ಅರಮನೆಯಿಂದ ಗಣಿ ಉದ್ಯಮಿಯ ಕೈಗೆ ಬಂದ ಸ್ಥಾನವು ಹೀಗೆ ಪರಿಶಿಷ್ಟ ಪಂಗಡದ ಇ. ತುಕಾರಾಂ ಅವರ ಪಾಲಿಗೆ ಬಂದಿತು.

2008ರ ಆ ಗೆಲುವಿನ ಸಂದರ್ಭವನ್ನು ಗಮನಿಸಬೇಕು. ಅಂದಿನ ಬಳ್ಳಾರಿ ಜಿಲ್ಲೆಯ ಒಂಬತ್ತು ಸ್ಥಾನಗಳಲ್ಲಿ ಎಂಟನ್ನು ಭಾರತೀಯ ಜನತಾ ಪಕ್ಷ ಗೆದ್ದುಕೊಂಡಿತು. ಕಾಂಗ್ರೆಸ್ಸಿಗೆ ಉಳಿದದ್ದು ಸಂಡೂರು ಒಂದೇ. ಗಣಿ ಹಣದ ಪ್ರಭಾವವು ಉತ್ತುಂಗದಲ್ಲಿದ್ದ ವರ್ಷಗಳವು. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಮತ್ತು ಬಳ್ಳಾರಿಯ ಗಣಿಗಾರಿಕೆಗೆ ಸರ್ವೋಚ್ಚ ನ್ಯಾಯಾಲಯದ ತಡೆ 2011ರ ಜುಲೈ ಕೊನೆಯಲ್ಲಿ ಒಂದರ ಹಿಂದೆ ಒಂದು ಬಂದವು. ಮುಂದೆ 2013, 2018 ಮತ್ತು 2023ರಲ್ಲಿಯೂ ತುಕಾರಾಂ ಗೆದ್ದರು. 2018ರ ಡಿಸೆಂಬರಿನಿಂದ 2019ರ ಜುಲೈವರೆಗೆ ಕುಮಾರಸ್ವಾಮಿ ಸರ್ಕಾರದಲ್ಲಿ ವೈದ್ಯಕೀಯ ಶಿಕ್ಷಣ ಸಚಿವರಾಗಿದ್ದರು. ಗಟ್ಟಿ ಧ್ವನಿಯ ನಾಯಕರೇ ತುಂಬಿರುವ ಜಿಲ್ಲೆಯಲ್ಲಿ ಇದು ಸದ್ದಿಲ್ಲದ ವೃತ್ತಿಜೀವನವೆನ್ನಬಹುದು.

ಅವರ ಎದುರಾಳಿ ಬಿ. ಶ್ರೀರಾಮುಲು ಅವರದು ಇದಕ್ಕೆ ತೀರ ವಿರುದ್ಧವಾದ ದಾರಿ. 2009ರಲ್ಲಿ ಅವರ ಸಹೋದರಿ ಜೆ. ಶಾಂತಾ ಕೇವಲ 2,243 ಮತಗಳಿಂದ ಲೋಕಸಭೆಗೆ ಆಯ್ಕೆಯಾಗಿದ್ದರು. 2011ರಲ್ಲಿ ಶಾಸಕ ಸ್ಥಾನಕ್ಕೆ ರಾಜೀನಾಮೆಯಿತ್ತ ಶ್ರೀರಾಮುಲು ಅದೇ ಬಳ್ಳಾರಿ ಗ್ರಾಮಾಂತರದ ಉಪಚುನಾವಣೆಯಲ್ಲಿ ಪಕ್ಷೇತರರಾಗಿ ಗೆದ್ದರು. ಬಳಿಕ ತಮ್ಮದೇ ಪಕ್ಷ ಕಟ್ಟಿದರು. ಮತ್ತೆ ಭಾರತೀಯ ಜನತಾ ಪಕ್ಷಕ್ಕೆ ಮರಳಿ 2014ರಲ್ಲಿ 85,144 ಮತಗಳ ಅಂತರದಿಂದ ಸಂಸದರಾದರು. 2018ರಲ್ಲಿ ಮೊಳಕಾಲ್ಮೂರಿನಿಂದ ವಿಧಾನಸಭೆಗೆ ಹಿಂತಿರುಗಿ ಸಂಸದ ಸ್ಥಾನವನ್ನು ಬಿಟ್ಟರು. ಆ ವರ್ಷದ ನವೆಂಬರಿನ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ವಿ. ಎಸ್. ಉಗ್ರಪ್ಪ 2,43,161 ಮತಗಳ ಅಂತರದಿಂದ ಗೆದ್ದರು. ಅಚ್ಚರಿಯೆಂದರೆ, ಅರ್ಧ ವರ್ಷ ಕಳೆಯುವುದರೊಳಗೆ, 2019ರಲ್ಲಿ, ಅದೇ ಮತದಾರರು ಅದೇ ಉಗ್ರಪ್ಪನವರನ್ನು 55,707 ಮತಗಳಿಂದ ಸೋಲಿಸಿ ವೈ. ದೇವೇಂದ್ರಪ್ಪ ಅವರನ್ನು ಕಳುಹಿಸಿದರು. ಬಳ್ಳಾರಿಯ ಮತವು ಯಾವುದೋ ಒಂದು ಪಕ್ಷದ ಭದ್ರಕೋಟೆಯೆಂಬ ಮಾತು ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

2023ರಲ್ಲಿ ಬಳ್ಳಾರಿ ಗ್ರಾಮಾಂತರದಲ್ಲಿ ಸೋತಿದ್ದ ಶ್ರೀರಾಮುಲು ಅವರಿಗೆ 2024ರ ಲೋಕಸಭಾ ಚುನಾವಣೆ ಪುನರುತ್ಥಾನದ ಅವಕಾಶವಾಗಿತ್ತು. ಗಾಲಿ ಜನಾರ್ದನ ರೆಡ್ಡಿ ಆ ಮಾರ್ಚಿನಲ್ಲಿ ತಮ್ಮ ಪಕ್ಷವನ್ನು ಭಾರತೀಯ ಜನತಾ ಪಕ್ಷದಲ್ಲಿ ವಿಲೀನಗೊಳಿಸಿದ್ದರು. ಪ್ರಧಾನಿ ನರೇಂದ್ರ ಮೋದಿ ಏಪ್ರಿಲ್ 28ರಂದು ಹೊಸಪೇಟೆಯಲ್ಲಿ ಪ್ರಚಾರಸಭೆ ನಡೆಸಿದರು. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡ ಮೇಲೆ ಲೋಕಸಭಾ ಕ್ಷೇತ್ರವು ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿತ್ತು. ಕಾಂಗ್ರೆಸ್ಸಿನ ಬಲವಿದ್ದುದು ಶಾಸಕರ ಸಂಖ್ಯೆಯಲ್ಲಿ: ಎಂಟರಲ್ಲಿ ಆರು ಕ್ಷೇತ್ರಗಳು ಆ ಪಕ್ಷದ ವಶದಲ್ಲಿದ್ದವು. ಮೇ 7ರ ಮತದಾನದಲ್ಲಿ ತುಕಾರಾಂ 7,30,845 ಮತಗಳನ್ನೂ ಶ್ರೀರಾಮುಲು 6,31,853 ಮತಗಳನ್ನೂ ಪಡೆದರು. ಅಂತರ 98,992. 2004ರಿಂದೀಚೆಗೆ ನಡೆದ ಸಾರ್ವತ್ರಿಕ ಚುನಾವಣೆಗಳಲ್ಲಿ ಕಾಂಗ್ರೆಸ್ ಬಳ್ಳಾರಿಯನ್ನು ಗೆದ್ದದ್ದು ಇದೇ ಮೊದಲು.

ಈ ಚುನಾವಣೆಯ ಮೇಲೆ ನಂತರ ನೆರಳೊಂದು ಬಿದ್ದಿತು. ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಹಣದ ಅಕ್ರಮ ವರ್ಗಾವಣೆ 2024ರ ಮೇ ತಿಂಗಳಲ್ಲಿ ಬಯಲಾಯಿತು. ಆ ಖಾತೆಯ ಸಚಿವ, ಬಳ್ಳಾರಿ ಗ್ರಾಮಾಂತರದ ಶಾಸಕ ಬಿ. ನಾಗೇಂದ್ರ ಜೂನಿನಲ್ಲಿ ರಾಜೀನಾಮೆಯಿತ್ತರು. ಆ ಹಣದ ಒಂದು ಭಾಗ ಬಳ್ಳಾರಿಯ ಲೋಕಸಭಾ ಚುನಾವಣೆಗೆ ಬಳಕೆಯಾಯಿತೆಂದು ಜಾರಿ ನಿರ್ದೇಶನಾಲಯವು ಆರೋಪಿಸಿತು. 2025ರ ಜೂನಿನಲ್ಲಿ ತುಕಾರಾಂ ಅವರಿಗೆ ಸೇರಿದ ಸ್ಥಳಗಳಲ್ಲಿಯೂ ಶೋಧ ನಡೆಸಿತು. ಆರೋಪವನ್ನು ತೀರ್ಪೆಂದು ಬರೆಯುವುದು ಚರಿತ್ರೆಕಾರನ ಕೆಲಸವಲ್ಲ. ಆದರೆ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರದ ಚುನಾವಣೆಯೂ ಅದೇ ಪಂಗಡದ ಏಳಿಗೆಗೆಂದು ಮೀಸಲಿಟ್ಟ ಹಣವೂ ಒಂದೇ ಪ್ರಕರಣದಲ್ಲಿ ಎದುರುಬದುರಾದುದನ್ನು ದಾಖಲಿಸದೆ ಬಿಡುವಂತೆಯೂ ಇಲ್ಲ.

ಶಾಸಕನೊಬ್ಬ ಸಂಸದನಾದಾಗ ಕಾನೂನಿನ ಪರಿಣಾಮಗಳು ತಕ್ಷಣವೇ ಎದುರಾಗುತ್ತವೆ. ಎರಡೂ ಸದನಗಳ ಸದಸ್ಯತ್ವವನ್ನು ಏಕಕಾಲಕ್ಕೆ ಹೊಂದುವುದನ್ನು ಸಂವಿಧಾನದ 101ನೆಯ ವಿಧಿ ನಿಷೇಧಿಸುತ್ತದೆ. ಆಯ್ಕೆಯ ಪ್ರಕಟಣೆಯಾದ 14 ದಿನಗಳೊಳಗೆ ವಿಧಾನಸಭೆಯ ಸ್ಥಾನವನ್ನು ಬಿಡದಿದ್ದರೆ ಸಂಸತ್ತಿನ ಸ್ಥಾನವೇ ತೆರವಾಗುತ್ತದೆ. ತೆರವಾದ ಸ್ಥಾನಕ್ಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ಈ ಲೋಕಸಭಾ ಕ್ಷೇತ್ರದ ವ್ಯಾಪ್ತಿಯಲ್ಲಿ 2014ರಲ್ಲಿ ಬಳ್ಳಾರಿ ಗ್ರಾಮಾಂತರ, 2018ರಲ್ಲಿ ಲೋಕಸಭೆ, 2024ರಲ್ಲಿ ಸಂಡೂರು ಹೀಗೆ ಮೂರು ಉಪಚುನಾವಣೆಗಳು ಕೇವಲ ಒಂದು ಸದನದಿಂದ ಇನ್ನೊಂದಕ್ಕೆ ಸಾಗಿದ ಕಾರಣದಿಂದ ನಡೆದವು. 2019ರಲ್ಲಿ ವಿಜಯನಗರದಲ್ಲಿ ನಡೆದದ್ದು ಬೇರೆ ಬಗೆಯದು. ಅಲ್ಲಿ ಆನಂದ್ ಸಿಂಗ್ ಅವರ ರಾಜೀನಾಮೆ ಮತ್ತು ಪಕ್ಷಾಂತರ ಕಾರಣವಾಗಿದ್ದವು.

ಸಂಡೂರಿನಲ್ಲಿ ಕಾಂಗ್ರೆಸ್ ತುಕಾರಾಂ ಅವರ ಪತ್ನಿ ಇ. ಅನ್ನಪೂರ್ಣ ಅವರನ್ನು ನಿಲ್ಲಿಸಿತು. ಅರಸು ಮನೆತನದ ಹಿಡಿತವನ್ನು ಕಳಚಿದ ಮೀಸಲಾತಿಯೊಳಗೇ ಮತ್ತೊಂದು ಕುಟುಂಬದ ಹಿಡಿತ ಬೆಳೆಯುತ್ತಿದೆಯೇ ಎಂಬ ಪ್ರಶ್ನೆಗೆ ಈ ಆಯ್ಕೆ ಎಡೆಮಾಡಿತು. ಬಳ್ಳಾರಿ ಪ್ರವೇಶಕ್ಕಿದ್ದ ನಿರ್ಬಂಧ ಸಡಿಲವಾಗಿ ಜನಾರ್ದನ ರೆಡ್ಡಿ ಸ್ವತಃ ಪ್ರಚಾರಕ್ಕಿಳಿದರು. ನವೆಂಬರ್ 13ರ ಮತದಾನದಲ್ಲಿ ಅನ್ನಪೂರ್ಣ 93,616 ಮತಗಳನ್ನು ಪಡೆದು, 83,967 ಮತ ಪಡೆದ ಬಂಗಾರು ಹನುಮಂತು ಅವರನ್ನು 9,649 ಮತಗಳಿಂದ ಸೋಲಿಸಿದರು. 2023ರ ಮೇ 10, 2024ರ ಮೇ 7, ಅದೇ ವರ್ಷದ ನವೆಂಬರ್ 13 ಹೀಗೆ ಹದಿನೆಂಟು ತಿಂಗಳಲ್ಲಿ ಸಂಡೂರಿನ ಮತದಾರರು ಮೂರು ಬಾರಿ ಮತಗಟ್ಟೆಗೆ ಹೋಗಿ ಬಂದಿದ್ದರು.