ದಾರಿಹೋಕರನ್ನು ಎಳೆದುಕೊಳ್ಳದ ಬಾವಿ: ಕಪ್ಪುಕುಳಿಯ ಕಥೆ

2008ರ ಸೆಪ್ಟೆಂಬರ್ 10, ಬುಧವಾರ. ಆಗ ನಮ್ಮಲ್ಲಿ ಹೆಚ್ಚಿನವರು ಶಾಲೆಯಲ್ಲಿದ್ದೆವು. ಅದಕ್ಕೂ ಕೆಲವು ದಿನ ಮೊದಲಿನಿಂದ ಟೀವಿ ಹಾಕಿದರೆ ಒಂದೇ ಸುದ್ದಿ. ಯೂರೋಪಿನಲ್ಲಿ ನೆಲದಡಿ ಸುರಂಗ ಕೊರೆದು ದೊಡ್ಡ ಯಂತ್ರ ಇಟ್ಟಿದ್ದಾರಂತೆ, ಬುಧವಾರ ಅದನ್ನು ಚಾಲೂ ಮಾಡುತ್ತಾರಂತೆ, ಅದರಿಂದ ಕಪ್ಪುಕುಳಿ ಹುಟ್ಟಿ ಭೂಮಿಯನ್ನೇ ನುಂಗುತ್ತದಂತೆ. ನಾವು ಮಕ್ಕಳು ಹೋಮ್‌ವರ್ಕ್ ಬಿಟ್ಟು ಕುಳಿತೆವು. ದೊಡ್ಡವರು ನಕ್ಕರು, ಆದರೆ ಅವರೂ ಆ ದಿನ ಎರಡು ಸಲ ಟೀವಿ ನೋಡಿದರು.

ಇದು ನಗುವ ವಿಷಯವಾಗಿಯೇ ಉಳಿಯಲಿಲ್ಲ. ಮಧ್ಯಪ್ರದೇಶದ ಹದಿಹರೆಯದ ಹುಡುಗಿಯೊಬ್ಬಳು ಈ ಸುದ್ದಿಗಳನ್ನು ನೋಡಿ ಹೆದರಿ ಪ್ರಾಣ ಕಳೆದುಕೊಂಡಳೆಂದು ಅವಳ ಮನೆಯವರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಮುಂದೆ ನಾವು ಪತ್ರಿಕೋದ್ಯಮ ಓದಲು ಹೋದೆವು. ಸುದ್ದಿ ಬರೆಯುವ ಕೆಲಸ ಎಂದಾಗೆಲ್ಲ ಆ ಹುಡುಗಿಯ ನೆನಪಾಗುತ್ತದೆ.

ಆ ಬುಧವಾರ ನಿಜವಾಗಿ ನಡೆದದ್ದು ಇಷ್ಟು. ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯಲ್ಲಿರುವ ಸರ್ನ್ ಸಂಸ್ಥೆಯ 27 ಕಿ.ಮೀ. ಸುತ್ತಳತೆಯ ಸುರಂಗದಲ್ಲಿ ಅತಿ ಸಣ್ಣ ಕಣಗಳ ಗುಂಪನ್ನು ಸುತ್ತು ಹಾಕಿಸಿದರು. ಕಣಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುವುದು ಆ ದಿನದ ಕೆಲಸವೇ ಆಗಿರಲಿಲ್ಲ. ಒಂಬತ್ತು ದಿನಕ್ಕೆ ವಿದ್ಯುತ್ ಜೋಡಣೆಯೊಂದು ಕೆಟ್ಟು ಯಂತ್ರ ನಿಂತಿತು, ಮತ್ತೆ ಶುರುವಾಗಲು ಒಂದು ವರ್ಷಕ್ಕೂ ಮೇಲೆ ಹಿಡಿಯಿತು. ಆಮೇಲೆ ಡಿಕ್ಕಿಗಳೂ ನಡೆದವು, ಲೆಕ್ಕವಿಲ್ಲದಷ್ಟು. ಭೂಮಿ ಇಲ್ಲೇ ಇದೆ. ಆ ಯಂತ್ರದ ಡಿಕ್ಕಿಗಿಂತ ಜೋರಾದ ಡಿಕ್ಕಿಗಳು ನಮ್ಮ ತಲೆಯ ಮೇಲೆ, ಗಾಳಿಯ ಪದರದಲ್ಲಿ, ಕೋಟ್ಯಂತರ ವರ್ಷಗಳಿಂದ ಆಗುತ್ತಲೇ ಇವೆ. ಆಕಾಶದಿಂದ ಬಂದು ಬಡಿಯುವ ವಿಶ್ವಕಿರಣಗಳು ಅಂಥವು. ಈ ಮಾತನ್ನು ವಿಜ್ಞಾನಿಗಳು ಆಗಲೇ ಹೇಳಿದ್ದರು. ಟೀವಿಯವರಿಗೆ ಅದು ರುಚಿಸಲಿಲ್ಲ.

ಇವತ್ತು ಟೀವಿಯ ಜಾಗಕ್ಕೆ ಫೋನು ಬಂದಿದೆ. 'ಭೂಮಿಯತ್ತ ಧಾವಿಸುತ್ತಿದೆ ರಾಕ್ಷಸ ಕಪ್ಪುಕುಳಿ' ಎಂಬ ವಿಡಿಯೋ ನಿಮಗೂ ಬಂದಿರಬಹುದು. ಆದ್ದರಿಂದ ಈ ಕಪ್ಪುಕುಳಿಯನ್ನು ಮನುಷ್ಯರು ಹೇಗೆ ಕಂಡುಕೊಂಡರು ಎಂಬ ಹಳೆಯ ಕಥೆಯನ್ನು ಒಮ್ಮೆ ನೋಡೋಣ.

ಕಥೆ ಶುರುವಾಗುವುದು ಒಂದು ಹಳ್ಳಿಯಲ್ಲಿ. ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಥಾರ್ನ್‌ಹಿಲ್ ಎಂಬಲ್ಲಿ ಜಾನ್ ಮಿಚೆಲ್ ಎಂಬ ಪಾದ್ರಿ ಇದ್ದರು. ಪೂಜೆ ಪ್ರಾರ್ಥನೆಗಳ ನಡುವೆ ಲೆಕ್ಕ ಹಾಕುವ ಹವ್ಯಾಸ. ಭೂಮಿಯಿಂದ ಮೇಲಕ್ಕೆ ಎಸೆದ ಕಲ್ಲು ಕೆಳಗೆ ಬೀಳುತ್ತದೆ. ಅದೇ ಕಲ್ಲನ್ನು ಸೆಕೆಂಡಿಗೆ 11 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಎಸೆದರೆ, ಗಾಳಿಯ ತಡೆ ಇಲ್ಲದಿದ್ದರೆ, ತಿರುಗಿ ಬರುವುದಿಲ್ಲ. ಸೂರ್ಯನ ಮೇಲೆ ನಿಂತು ಎಸೆಯುವುದಾದರೆ ಸುಮಾರು 618 ಕಿ.ಮೀ. ವೇಗ ಬೇಕು. ಸೂರ್ಯನಷ್ಟೇ ಸಾಂದ್ರತೆಯ, ಆದರೆ ಸೂರ್ಯನ 500 ಪಟ್ಟು ಅಗಲದ ನಕ್ಷತ್ರವಿದ್ದರೆ? ಈ ವೇಗವೂ 500 ಪಟ್ಟಾಗುತ್ತದೆ. ಫೋನಿನಲ್ಲೇ ಗುಣಿಸಿ ನೋಡಿ: 3 ಲಕ್ಷ ದಾಟುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಅಂದರೆ ಅಂಥ ನಕ್ಷತ್ರದಿಂದ ಬೆಳಕೂ ಹೊರಗೆ ಬರಲಾರದು, ಅದು ನಮಗೆ ಕಾಣುವುದೇ ಇಲ್ಲ ಎಂದರು ಮಿಚೆಲ್.

1783ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅವರ ಈ ಬರಹವನ್ನು ಓದಲಾಯಿತು. ಅದರಲ್ಲಿ ಇನ್ನೊಂದು ಮಾತಿತ್ತು, ನಮಗೆ ಮುಖ್ಯವಾದದ್ದು ಅದೇ. ಕಾಣದ ನಕ್ಷತ್ರವನ್ನು ಹುಡುಕುವುದು ಹೇಗೆ? ಅದರ ಸುತ್ತ ಕಾಣುವ ನಕ್ಷತ್ರ ಯಾವುದಾದರೂ ಸುತ್ತುತ್ತಿದೆಯೇ ನೋಡಿ ಎಂದರು. ಗಮನಿಸಿ, ನುಂಗುತ್ತಿದೆಯೇ ನೋಡಿ ಎನ್ನಲಿಲ್ಲ.

ಮಿಚೆಲ್ ಹೇಳಿದ್ದನ್ನು ಜನ ಮರೆತರು. 1916ರಲ್ಲಿ ಜರ್ಮನಿಯ ಕಾರ್ಲ್ ಶ್ವಾರ್ಜ್‌ಶೀಲ್ಡ್, ಮಹಾಯುದ್ಧದ ಸೇವೆಯಲ್ಲಿದ್ದುಕೊಂಡೇ, ಐನ್‌ಸ್ಟೈನರ ಹೊಸ ಗುರುತ್ವ ಸಿದ್ಧಾಂತದಿಂದ ಒಂದು ಲೆಕ್ಕ ತೆಗೆದರು. ಅದರ ಪ್ರಕಾರ ಸೂರ್ಯ ಕಪ್ಪುಕುಳಿಯಾಗಬೇಕಾದರೆ ಅದನ್ನು 6 ಕಿ.ಮೀ. ಅಗಲಕ್ಕೆ, ಪಕ್ಕದ ಊರಿಗೆ ಹೋಗುವಷ್ಟು ದೂರಕ್ಕೆ, ಅದುಮಬೇಕು. ಭೂಮಿಯನ್ನಾದರೆ ಮಕ್ಕಳು ಆಡುವ ಗೋಲಿಯಷ್ಟಕ್ಕೆ. ಆಗಿನವರಿಗೆ ಇದು ಕಾಗದದ ಮೇಲಿನ ಆಟದಂತೆ ಕಂಡಿತು.

ಅದನ್ನು ಕಾಗದದಿಂದ ಆಕಾಶಕ್ಕೆ ಒಯ್ಯುವ ದಾರಿ ತೆರೆದವರಲ್ಲಿ ನಮ್ಮ ದೇಶದ ಹುಡುಗನೊಬ್ಬ ಇದ್ದ. 1930ರಲ್ಲಿ ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಲೆಕ್ಕ ಹಾಕುತ್ತ ಕುಳಿತಿದ್ದರು. ಉರುವಲು ಮುಗಿದ ನಕ್ಷತ್ರ ಕುಗ್ಗಿ ಶ್ವೇತಕುಬ್ಜ ಎಂಬ ಪುಟ್ಟ ಬಿಳಿ ಕೆಂಡವಾಗುತ್ತದೆ ಎಂದು ಆಗ ತಿಳಿದಿತ್ತು. ಹಾಗೆ ಉಳಿಯುವುದಕ್ಕೂ ತೂಕದ ಮಿತಿ ಇದೆ ಎಂದು ಚಂದ್ರಶೇಖರ್ ಕಂಡುಕೊಂಡರು. ಉಳಿದ ತಿರುಳು ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಾದರೆ ಕುಗ್ಗುವುದು ಅಲ್ಲಿಗೆ ನಿಲ್ಲುವುದಿಲ್ಲ. 1935ರಲ್ಲಿ ಲಂಡನ್ನಿನ ಸಭೆಯಲ್ಲಿ ಆ ಕಾಲದ ದೊಡ್ಡ ಖಗೋಳ ವಿಜ್ಞಾನಿ ಎಡಿಂಗ್ಟನ್ ಎಲ್ಲರೆದುರು ಇದನ್ನು ಗೇಲಿ ಮಾಡಿದರು. ನಕ್ಷತ್ರ ಹೀಗೆ ಹುಚ್ಚುಚ್ಚಾಗಿ ವರ್ತಿಸದಂತೆ ಪ್ರಕೃತಿಯಲ್ಲಿ ಏನಾದರೂ ನಿಯಮ ಇರಲೇಬೇಕು ಎಂಬುದು ಅವರ ವಾದ. ನಿಯಮ ಇರಲಿಲ್ಲ. ಚಂದ್ರಶೇಖರ್ ಅವರಿಗೆ ನೊಬೆಲ್ ಬಂದದ್ದು 1983ರಲ್ಲಿ.

ಅದೇ ಮಿತಿಯಲ್ಲಿ ನಮಗೊಂದು ನೆಮ್ಮದಿಯೂ ಇದೆ. ಸೂರ್ಯ ಆ ಗೆರೆಯ ಕೆಳಗಿದ್ದಾನೆ. ಇನ್ನೂ ನೂರಾರು ಕೋಟಿ ವರ್ಷಗಳ ನಂತರ ಅವನು ಶ್ವೇತಕುಬ್ಜನಾಗುತ್ತಾನೆಯೇ ಹೊರತು ಕಪ್ಪುಕುಳಿಯಾಗುವುದಿಲ್ಲ.

ಒಂದು ಮಾತಿಗೆ, ಯಾವುದೋ ಮಾಯದಿಂದ ನಾಳೆ ಬೆಳಿಗ್ಗೆ ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಬಂದು ಕುಳಿತಿತು ಎಂದುಕೊಳ್ಳಿ. ಕತ್ತಲಾಗುತ್ತದೆ, ಚಳಿಗೆ ಬೆಳೆಯೂ ಉಳಿಯುವುದಿಲ್ಲ, ನಾವೂ ಉಳಿಯುವುದಿಲ್ಲ. ಆದರೆ ಭೂಮಿ ಅದರೊಳಗೆ ಬೀಳುವುದಿಲ್ಲ. ಈಗ ಸುತ್ತುವ ದಾರಿಯಲ್ಲೇ, 365 ದಿನಕ್ಕೊಂದು ಸುತ್ತಿನಂತೆ, ಸುತ್ತುತ್ತಲೇ ಇರುತ್ತದೆ. ದೂರದಲ್ಲಿರುವವರಿಗೆ ಲೆಕ್ಕಕ್ಕೆ ಬರುವುದು ತೂಕವೇ ಹೊರತು ಅದು ಉರಿಯುತ್ತದೋ ಕಪ್ಪಾಗಿದೆಯೋ ಎಂಬುದಲ್ಲ. ಬಾವಿ ದಾರಿಹೋಕರನ್ನು ಎಳೆದುಕೊಳ್ಳುವುದಿಲ್ಲ. ಕಟ್ಟೆ ದಾಟಿದವರ ಕಥೆ ಬೇರೆ. ಕಪ್ಪುಕುಳಿಗೂ ಅಂಥ ಗಡಿಯೊಂದಿದೆ, ಅದನ್ನು ದಾಟಿದ್ದು ಬೆಳಕೇ ಆಗಲಿ ಹಿಂದಿರುಗುವುದಿಲ್ಲ. ಗಡಿಯ ಆಸುಪಾಸೂ ಸುರಕ್ಷಿತವೇನಲ್ಲ, ತೀರಾ ಹತ್ತಿರ ಹೋದ ನಕ್ಷತ್ರಗಳು ಹರಿದು ಚೂರಾಗುತ್ತವೆ.

'ಕುಳಿ', 'ರಂಧ್ರ' ಎಂಬ ಹೆಸರೇ ಅರ್ಧ ಗೊಂದಲಕ್ಕೆ ಕಾರಣ ಎಂದು ನಮಗನಿಸುತ್ತದೆ. ಇಂಗ್ಲಿಷಿನ ಬ್ಲಾಕ್ ಹೋಲ್ ಎಂಬ ಹೆಸರನ್ನು 1967ರಿಂದೀಚೆ ಅಮೆರಿಕದ ಜಾನ್ ವೀಲರ್ ಜನಪ್ರಿಯಗೊಳಿಸಿದರು. ಅದಕ್ಕೂ ಮೊದಲು ರಷ್ಯನ್ನರು ಹೆಪ್ಪುಗಟ್ಟಿದ ನಕ್ಷತ್ರ ಎನ್ನುತ್ತಿದ್ದರು. ಆ ಹೆಸರೇ ಉಳಿದಿದ್ದರೆ 2008ರಲ್ಲಿ ಅಷ್ಟು ಹೆದರಿಕೆ ಹುಟ್ಟುತ್ತಿತ್ತೇ?

ಇನ್ನು ನಮ್ಮ ಬೆಂಗಳೂರಿನವರ ಸರದಿ. ಸಿ.ವಿ. ವಿಶ್ವೇಶ್ವರ ಹುಟ್ಟಿದ್ದು 1938ರಲ್ಲಿ, ಕನ್ನಡದ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗನಾಗಿ. ಅಮೆರಿಕದಲ್ಲಿ ಸಂಶೋಧನೆ ಮಾಡುವಾಗ ಅವರು ಕೈಗೆತ್ತಿಕೊಂಡದ್ದು ಮಗುವೂ ಕೇಳಬಹುದಾದ ಪ್ರಶ್ನೆ: ಕಪ್ಪುಕುಳಿಯನ್ನು ಸ್ವಲ್ಪ ಅಲುಗಿಸಿದರೆ ಏನಾಗುತ್ತದೆ? ಒಡೆದುಹೋಗುವಂತಿದ್ದರೆ ಅಂಥದ್ದು ಪ್ರಕೃತಿಯಲ್ಲಿ ಬಹಳ ಹೊತ್ತು ಬಾಳಲಾರದು. ಅದು ಒಡೆಯುವುದಿಲ್ಲ, ನಿಲ್ಲುತ್ತದೆ ಎಂದು ವಿಶ್ವೇಶ್ವರ ತೋರಿಸಿದರು. ಮುಂದೆ ಇನ್ನೊಂದು ಹೆಜ್ಜೆ ಹೋಗಿ, ಗುರುತ್ವದ ಅಲೆಯೊಂದು ಕಪ್ಪುಕುಳಿಗೆ ಬಡಿದಂತೆ ಲೆಕ್ಕ ಕಟ್ಟಿ ಕಂಪ್ಯೂಟರಿಗೆ ಕೊಟ್ಟರು. ದೇವಸ್ಥಾನದ ಗಂಟೆ ಬಾರಿಸಿದರೆ ಒಂದೇ ಸ್ವರದಲ್ಲಿ ಮೊಳಗಿ ಮೆಲ್ಲಗೆ ಅಡಗುತ್ತದಲ್ಲ, ಕಪ್ಪುಕುಳಿಯೂ ಹಾಗೇ ಮಾಡಿತು. ಗಂಟೆಯ ಗಾತ್ರಕ್ಕೆ ತಕ್ಕಂತೆ ಸ್ವರ ಬದಲಾಗುವ ಹಾಗೆ ಕಪ್ಪುಕುಳಿಯ ತೂಕಕ್ಕೆ ತಕ್ಕಂತೆ ಅದರ ಸ್ವರ. ಇದು 1970ರಲ್ಲಿ ಪ್ರಕಟವಾಯಿತು. ಆಗ ಆ ಸ್ವರ ಕೇಳುವ ಉಪಕರಣ ಎಲ್ಲೂ ಇರಲಿಲ್ಲ.

ಅವರು ಬೆಂಗಳೂರಿಗೆ ಮರಳಿ, ಚಂದ್ರಶೇಖರ್ ಅವರ ಚಿಕ್ಕಪ್ಪ ಸಿ.ವಿ. ರಾಮನ್ ಕಟ್ಟಿದ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಶಾಲಾ ಪ್ರವಾಸದಲ್ಲಿ ನಮ್ಮಲ್ಲಿ ಎಷ್ಟೋ ಜನ ತಲೆ ಎತ್ತಿ ನಕ್ಷತ್ರ ನೋಡಿದ ಜವಾಹರಲಾಲ್ ನೆಹರು ತಾರಾಲಯದ ಮೊದಲ ನಿರ್ದೇಶಕರೂ ಅವರೇ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಎರಡು ಕಡೆ ಇಟ್ಟಿದ್ದ ಲೈಗೋ ಉಪಕರಣಗಳಿಗೆ, ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಡಿಕ್ಕಿಯಾಗಿ ಒಂದಾದ ಅಲೆ ಸಿಕ್ಕಿತು. ಅದರ ಬಾಲದಲ್ಲಿ, ಮೊಳಗಿ ಅಡಗುವ ಅದೇ ಗಂಟೆ. ಲೆಕ್ಕ ಹಾಕಿ 45 ವರ್ಷವಾಗಿತ್ತು. ಆ ಸುದ್ದಿ ಕೇಳಲು ಅವರು ಬದುಕಿದ್ದರು ಎಂಬುದೇ ನಮಗೆ ಸಂತೋಷ. 2017ರ ಜನವರಿಯಲ್ಲಿ ತೀರಿಕೊಂಡರು.

ಮತ್ತೆ ಆ ವಿಡಿಯೋಗಳ ವಿಷಯ. ಈವರೆಗೆ ಗೊತ್ತಿರುವ ಅತಿ ಹತ್ತಿರದ ಕಪ್ಪುಕುಳಿ ನಮ್ಮಿಂದ ಸುಮಾರು 1,560 ಜ್ಯೋತಿರ್ವರ್ಷ ದೂರದಲ್ಲಿದೆ. ಒಂದು ಜ್ಯೋತಿರ್ವರ್ಷ ಎಂದರೆ ಸುಮಾರು 9.5 ಲಕ್ಷ ಕೋಟಿ ಕಿ.ಮೀ. 2022ರಲ್ಲಿ ಅದನ್ನು ಪತ್ತೆ ಮಾಡಿದ್ದು ಥಾರ್ನ್‌ಹಿಲ್ ಪಾದ್ರಿ ಹೇಳಿದ ಉಪಾಯದಿಂದಲೇ: ಸೂರ್ಯನಂಥ ನಕ್ಷತ್ರವೊಂದು ಕಾಣದ ಜೊತೆಗಾರನ ಸುತ್ತ ಸುತ್ತುತ್ತಿತ್ತು. ಅದನ್ನು ಆ ಕುಳಿ ನುಂಗಿಲ್ಲ.

ಇನ್ನೂ ದೊಡ್ಡದೊಂದು ನಮ್ಮ ಆಕಾಶಗಂಗೆಯ ನಟ್ಟನಡುವೆ ಇದೆ, ಸುಮಾರು 40 ಲಕ್ಷ ಸೂರ್ಯರಷ್ಟು ತೂಕ. ಅದರ ಪಕ್ಕದ ನಕ್ಷತ್ರಗಳನ್ನು ವರ್ಷಾನುಗಟ್ಟಲೆ ಕಾದು ನೋಡಿದ ಎರಡು ತಂಡಗಳ ಮುಖ್ಯಸ್ಥರಾದ ಆಂಡ್ರಿಯಾ ಗೆಜ್ ಮತ್ತು ರೈನ್‌ಹಾರ್ಡ್ ಗೆಂಜೆಲ್ ಅವರಿಗೆ 2020ರ ನೊಬೆಲ್ ಬಂತು. ಆ ನಕ್ಷತ್ರಗಳಲ್ಲಿ ಒಂದರ ಹೆಸರು ಎಸ್2. ಸುಮಾರು 16 ವರ್ಷಕ್ಕೊಮ್ಮೆ ಕುಳಿಯ ಹತ್ತಿರ ಬರುತ್ತದೆ, ಸೆಕೆಂಡಿಗೆ 7 ಸಾವಿರ ಕಿ.ಮೀ.ಗೂ ಮೀರಿದ ವೇಗದಲ್ಲಿ ಪಕ್ಕದಿಂದ ಹಾದು ದೂರ ಹೊರಟುಹೋಗುತ್ತದೆ. 2002ರಲ್ಲಿ ಬಂದಿತ್ತು, 2018ರಲ್ಲಿ ಬಂದಿತ್ತು. ಮುಂದಿನ ಸಲ 2034ರ ಹೊತ್ತಿಗೆ ಬರುತ್ತದೆ, ಮತ್ತೆ ತನ್ನ ದಾರಿ ಹಿಡಿದು ಹೋಗುತ್ತದೆ.