ಟೇಬಲ್ ಮೇಲಿಟ್ಟರೆ ಬಂತಾ, ಹೋಯ್ತಾ?

ಟೀವಿಗೆ ಸೇರಿದ ಹೊಸತು. ರಾತ್ರಿ ಪಾಳಿ. ಅಮೆರಿಕದಿಂದ ಒಂದು ಸಾಲಿನ ಸುದ್ದಿ ಬಂತು: ಸೆನೆಟ್ ಒಂದು ತಿದ್ದುಪಡಿಯನ್ನು 'ಟೇಬಲ್' ಮಾಡಿದೆ. ಹಿಂದೆಮುಂದೆ ನೋಡದೆ 'ಸೆನೆಟ್‌ನಲ್ಲಿ ತಿದ್ದುಪಡಿ ಮಂಡನೆ' ಅಂತ ಪರದೆಯ ಕೆಳಪಟ್ಟಿಗೆ ಹಾಕಿದೆ. ಅರ್ಧ ಗಂಟೆ ಓಡಿತು. ಆಮೇಲೆ ಡೆಸ್ಕ್‌ನ ಹಿರಿಯರೊಬ್ಬರು ಬಂದು ಕೇಳಿದ್ರು, "ಏನಪ್ಪಾ, ಸತ್ತ ಮಗುವಿಗೆ ನಾಮಕರಣ ಮಾಡ್ತಿದ್ದೀಯಾ?"

ಅಮೆರಿಕದ ಸಂಸತ್ತಿನಲ್ಲಿ ಟೇಬಲ್ ಮಾಡೋದು ಅಂದ್ರೆ ಮಂಡಿಸೋದಲ್ಲ. ಬದಿಗಿಟ್ಟು ಕಥೆ ಮುಗಿಸೋದು.

ಎಂಜಿನಿಯರಿಂಗ್ ಓದಿದ ನನಗೆ ಟೇಬಲ್ ಏನು ಹೊಸ ಪದವೇ? ಸ್ಟೀಮ್ ಟೇಬಲ್ ಪುಸ್ತಕ ಹಿಡಿದೇ ಪರೀಕ್ಷೆ ಬರೆದವನು ನಾನು. ಮಗ್ಗಿಯೂ ಟೇಬಲ್ಲೇ, ರೈಲಿನ ವೇಳಾಪಟ್ಟಿಯೂ ಟೇಬಲ್ಲೇ, ಡೇಟಾಬೇಸ್‌ನಲ್ಲಿರೋದೂ ಅದೇ. ಕೋಲಾರದ ರೈತ ಬೋರ್‌ವೆಲ್ ಕೊರೆಸುವಾಗ ಹುಡುಕುವ ಅಂತರ್ಜಲ ಮಟ್ಟಕ್ಕೂ ಇಂಗ್ಲಿಷಿನಲ್ಲಿ 'ವಾಟರ್ ಟೇಬಲ್' ಅಂತಲೇ ಹೆಸರು. ಎಲ್ಲದರ ಬೇರು ಲ್ಯಾಟಿನ್‌ನ 'ಟ್ಯಾಬುಲಾ', ಅಂದ್ರೆ ಹಲಗೆ. ಹಲಗೆ ಮೇಲೆ ಬರೆದದ್ದು ಕೋಷ್ಟಕವಾಯ್ತು, ಹಲಗೆಗೆ ಕಾಲು ಬಂದು ಮೇಜಾಯ್ತು, ಚಿಕ್ಕ ಹಲಗೆ ಟ್ಯಾಬ್ಲೆಟ್ ಆಯ್ತು. ಜ್ವರ ಬಂದಾಗ ನುಂಗೋದೂ ಅದನ್ನೇ.

ಇಷ್ಟೂ ಅರ್ಥಗಳು ಯಾರಿಗೂ ತೊಂದರೆ ಕೊಟ್ಟಿಲ್ಲ. ಜಗಳ ತಂದಿದ್ದು ಆ ಒಂದು ಕ್ರಿಯಾಪದ.

1941ರ ಡಿಸೆಂಬರ್ 7ಕ್ಕೆ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. ಡಿಸೆಂಬರ್ 22ಕ್ಕೆ ಚರ್ಚಿಲ್ ವಾಷಿಂಗ್ಟನ್‌ನಲ್ಲಿದ್ದರು, ಜತೆಗೆ ಬ್ರಿಟನ್ನಿನ ಸೇನಾ ಮುಖ್ಯಸ್ಥರು. ಯುದ್ಧವನ್ನು ಇಬ್ಬರೂ ಸೇರಿ ಹೇಗೆ ನಡೆಸೋದು ಅನ್ನೋದೇ ಚರ್ಚೆ. ಬ್ರಿಟಿಷರು ಒಂದು ಟಿಪ್ಪಣಿ ತಯಾರಿಸಿ, ತುರ್ತು ವಿಷಯ, ಇದನ್ನು ಟೇಬಲ್ ಮಾಡೋಣ ಅಂದರು. ಅಮೆರಿಕನ್ನರು ಕಿವಿ ನಿಮಿರಿಸಿದರು. ಬೇಡವೇ ಬೇಡ, ಇದು ಮುಖ್ಯ ವಿಷಯ, ಟೇಬಲ್ ಮಾಡಕೂಡದು! ವಾದ ಬಹಳ ಹೊತ್ತು ನಡೆಯಿತು, ಬಿಸಿಯೂ ಏರಿತು. ಕೊನೆಗೆ ಗೊತ್ತಾಗಿದ್ದೇನು? ಇಬ್ಬರಿಗೂ ಬೇಕಾಗಿದ್ದು ಒಂದೇ. ಚರ್ಚಿಲ್ ತಮ್ಮ ಮಹಾಯುದ್ಧದ ನೆನಪುಗಳ ಮೂರನೇ ಸಂಪುಟದಲ್ಲಿ ಇದನ್ನು ದಾಖಲಿಸಿದ್ದಾರೆ. ಸ್ವಲ್ಪ ಯೋಚಿಸಿ: ಪೆಸಿಫಿಕ್‌ನಲ್ಲಿ ಜಪಾನಿನ ಪಡೆಗಳು ಮುನ್ನುಗ್ಗುತ್ತಿವೆ, ಇಲ್ಲಿ ಒಂದೇ ಭಾಷೆಯ ಇಬ್ಬರು ಮಿತ್ರರು ಒಪ್ಪಿಕೊಂಡೇ ಕಿತ್ತಾಡುತ್ತಿದ್ದಾರೆ.

ತಮಾಷೆ ಅಂದ್ರೆ ಎರಡು ಅರ್ಥವೂ ಹುಟ್ಟಿದ್ದು ನಿಜವಾದ ಮರದ ಮೇಜಿನಿಂದ. ಬ್ರಿಟನ್ನಿನ ಸಂಸತ್ತಿನ ನಡುವೆ ಅಧಿಕಾರಿಗಳು ಕೂರುವ ಮೇಜೊಂದಿದೆ. ಕಾಗದ ಅದರ ಮೇಲೆ ಬಂತು ಅಂದ್ರೆ ಸದನದ ಮುಂದೆ ಬಂತು ಅಂತ. ಅಮೆರಿಕನ್ನರು ನೋಡಿದ್ದು ಆಮೇಲಿನದನ್ನು: ಮೇಜಿನ ಮೇಲಿಟ್ಟ ಕಾಗದ ಅಲ್ಲೇ ಉಳಿಯಿತು ಅಂತ.

ನಮ್ಮದು ಬ್ರಿಟಿಷ್ ದಾರಿ. ಸಂವಿಧಾನದ 151ನೇ ವಿಧಿಯ ಪ್ರಕಾರ ರಾಜ್ಯದ ಲೆಕ್ಕಪತ್ರಗಳ ಸಿಎಜಿ ವರದಿ ರಾಜ್ಯಪಾಲರ ಮೂಲಕ ವಿಧಾನಮಂಡಲದ ಮುಂದೆ ಬರಲೇಬೇಕು. ನಾವು 'ವರದಿ ಮಂಡನೆ' ಅಂತ ಬ್ರೇಕಿಂಗ್ ಹಾಕ್ತೀವಿ. ಆದರೆ ಯಾವುದಾದರೂ ಸರ್ಕಾರಿ ಕಚೇರಿಗೆ ಹೋಗಿ ನಿಮ್ಮ ಖಾತೆ ಬದಲಾವಣೆ ಏನಾಯ್ತು ಅಂತ ಕೇಳಿ. "ಫೈಲ್ ಸಾಹೇಬ್ರ ಟೇಬಲ್ ಮೇಲಿದೆ" ಅಂತಾರೆ. ಇದು ಯಾವ ದೇಶದ ಅರ್ಥ, ನೀವೇ ಹೇಳಿ. (ಟೇಬಲ್ ಕೆಳಗಿನ ಅರ್ಥ ಬೇರೆಯೇ ಇದೆ, ಅದನ್ನು ವಿವರಿಸಬೇಕಾಗಿಲ್ಲ.)

ಆ ರಾತ್ರಿಯ ನಂತರ 'ಟೇಬಲ್' ಅಂತ ಬಂದ ಸುದ್ದಿ ಲಂಡನ್ನಿನದ್ದೋ ವಾಷಿಂಗ್ಟನ್‌ನದ್ದೋ ಅಂತ ಮೊದಲು ನೋಡ್ತೀನಿ. ವಿಧಾನಸೌಧದಿಂದ ಬಂದರೆ ಎರಡು ಸಲ ನೋಡ್ತೀನಿ.