ಸೋತ ಬಾಜಿಯ ದಾಖಲೆ

ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನ ಕಂಬ ಉಳಿಯದೆ ಹೋಗಿದ್ದರೆ, ಕ್ರಿ.ಶ. 945ರಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ್ದೂ, ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದುದೂ, ದೀಪಕ್ಕೆಂದೇ ಭೂಮಿ ಬಿಟ್ಟದ್ದೂ ನಮಗೆ ತಿಳಿಯುತ್ತಿರಲಿಲ್ಲ. ದಾನವನ್ನು ಬರೆದಿಟ್ಟರು, ಅದು ಉಳಿಯಿತು.

ಚದುರಂಗದಲ್ಲಿ ನಾವು ಅಷ್ಟು ಎಚ್ಚರ ವಹಿಸಲಿಲ್ಲ. ಆಟವೇನೋ ಹಳೆಯದು. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' 12ನೇ ಶತಮಾನದಲ್ಲೇ ಅದನ್ನು ವಿವರಿಸುತ್ತದೆ. ಅದಕ್ಕೂ ಮೊದಲು, 9ನೇ ಶತಮಾನದಲ್ಲಿ, ಅರಬ್ಬೀ ಆಟಗಾರ ಅಲ್‌-ಅದ್ಲಿ ಶತರಂಜ್ ಕುರಿತು ಗ್ರಂಥ ರಚಿಸಿದ್ದ. ಆದರೆ ನಮ್ಮ ಊರ ಕಟ್ಟೆಗಳ ಮೇಲೆ, ಓಣಿಗಳಲ್ಲಿ ಆಡಿದ ಬಾಜಿಗಳು ಆಡಿದವರೊಂದಿಗೇ ಹೋದವು.

ಬರೆದಿಟ್ಟದ್ದರ ಬೆಲೆ ತಿಳಿಯಲು ಕಲಕತ್ತೆಯ ಒಂದು ಬಾಜಿಯನ್ನು ನೋಡಬಹುದು. 1855ರ ಮೇ ತಿಂಗಳು. ಬಿಳಿ ಕಾಯಿ ವಕೀಲ ಜಾನ್ ಕೊಕ್ರೇನ್‌ನದು, ಕಪ್ಪು ಬಂಗಾಳದ ಮಹೇಶಚಂದ್ರ ಬ್ಯಾನರ್ಜಿಯದು. ದೇಶೀ ಆಟದಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಹಾಗಾಗಿ ನಡುವೆ ನುಗ್ಗದೆ, ಒಂಟೆಯನ್ನು ಅಂಚಿನಿಂದ ಉದ್ದನೆಯ ಓರೆಗೆರೆಗೆ ತರುವುದು ಮಹೇಶಚಂದ್ರನಿಗೆ ರೂಢಿ. ಇಲ್ಲಿಯೂ ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ ಒಂಟೆಗೆ ಜಾಗ ಮಾಡಿದ. ಯುರೋಪಿನ ನಿಯಮವನ್ನೂ ಬಲ್ಲವನಾದ್ದರಿಂದ ಮೂರನೇ ನಡೆಯಲ್ಲಿ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದ. ನಡುಮನೆಗಳನ್ನು ಎದುರಾಳಿಗೆ ಬಿಟ್ಟುಕೊಟ್ಟು ದೂರದಿಂದ ಒತ್ತುವ ತಂತ್ರವಿದು.

ಬಾಜಿಯನ್ನು ಮಹೇಶಚಂದ್ರ ಸೋತ. 18ನೇ ನಡೆಯಲ್ಲಿ ಬಿಳಿ ಕುದುರೆ ಅರಸನ ಪಕ್ಕದ ಕಾಲಾಳನ್ನು ಕಡಿದಾಗ, ಅದರ ಹಿಂದಿನ ಮಂತ್ರಿಯ ಗೆರೆ ತನ್ನ ಅರಸನವರೆಗೂ ಹೋಗುತ್ತದೆಂಬುದನ್ನು ಆತ ಗಮನಿಸಲಿಲ್ಲ. ತಾನೇ ಆ ಮಂತ್ರಿಯ ಮೇಲೆ ಕುದುರೆ ಹಾಯಿಸಿದ. ಮುಂದೆ ಮೂರೇ ನಡೆ. ಬಿಳಿ ಮಂತ್ರಿ ಬಲಿಯಾಯಿತು. ತನ್ನದೇ ಕಾಯಿಗಳ ನಡುವೆ ಸಿಕ್ಕಿದ ಅರಸನಿಗೆ ಕುದುರೆಯಿಂದ ಶಹಮಾತ್.

ಸೋಲಿಗೆ ಕಾರಣ ಆ ಒಂದು ನಡೆ, ಆರಂಭವಲ್ಲ. 1922ರಲ್ಲಿ ಆಸ್ಟ್ರಿಯಾದ ಅರ್ನ್‌ಸ್ಟ್ ಗ್ರೂನ್‌ಫೆಲ್ಡ್ ಇದೇ ಆರಂಭದಿಂದ ವಿಯೆನ್ನಾದಲ್ಲಿ ಅಲೆಖಿನ್‌ನನ್ನು ಸೋಲಿಸಿದ. ಇಂದು ಅದು ಗ್ರೂನ್‌ಫೆಲ್ಡ್ ರಕ್ಷಣೆ. ಒಂಟೆಯನ್ನು ಹೀಗೆ ಹೊರತರುವ ಇತರ ಆರಂಭಗಳಿಗೆ 'ಇಂಡಿಯನ್' ಎಂಬ ಹೆಸರೇನೋ ಅಂಟಿಕೊಂಡಿದೆ. ಆಡಿದವನ ಹೆಸರು ಚರಿತ್ರೆ ಓದುವವರಿಗಷ್ಟೇ ಗೊತ್ತು. ಅದೂ ನಡೆಗಳು ದಾಖಲಾಗಿದ್ದರಿಂದ.

ನಮ್ಮ ಮಕ್ಕಳು ಇಂದೂ ಶಾಲೆಗಳಲ್ಲಿ, ಮದರಸಾಗಳಲ್ಲಿ ಬುದ್ಧಿವಂತರಾಗಿಯೇ ಇದ್ದಾರೆ. ಅವರ ಕೈಗೆ ಚದುರಂಗದ ಹಲಗೆಯ ಜೊತೆ ಒಂದು ನೋಟುಬುಕ್ಕನ್ನೂ ಕೊಡೋಣ. ಗೆದ್ದ ಬಾಜಿಯನ್ನಷ್ಟೇ ಅಲ್ಲ, ಸೋತದ್ದನ್ನೂ ಬರೆದಿಡಲಿ.